ಸಂಡೂರೇ ಇಲ್ಲ ಎಂದ ಪಿಡಿಎಫ್ಫು

ಅವತ್ತು ಸೋಮವಾರ. ದೇವರ ಮನೆಯ ಹಿತ್ತಾಳೆ ಸಾಮಾನನ್ನೆಲ್ಲ ಹಿತ್ತಲ ಕಟ್ಟೆಗೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಮೊಣಕೈಯವರೆಗೂ ಹುಳಿ, ಬೂದಿ. ಕೈ ಹೀಗಿದ್ದಾಗಲೇ ಫೋನು ಬರುತ್ತದೆ ಎನ್ನುವುದು ನನ್ನ ಅನುಭವ. ಫೋನಿಲ್ಲದ ಕಾಲದಲ್ಲಿ ಇಂಥ ಹೊತ್ತಿಗೆ ಬೀಗರು ಬರುತ್ತಿದ್ದರು. ಬೀಗರಾದರೂ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ಫೋನಿಗೆ ಆ ಸೌಜನ್ಯವೂ ಇಲ್ಲ. ಸೆರಗಿನಿಂದ ಎತ್ತಿ ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡೆ. ಅತ್ತ ಕಡೆ ನನ್ನ ಅಣ್ಣನ ಮಗಳು ರೇಣುಕಾ.

"ಅತ್ತಿ, ಪಿಡಿಎಫ್ ಬಂದೈತ್ರಿ" ಎಂದಳು.

ನಾನು ದೀಪದ ಕಂಬದ ಕುತ್ತಿಗೆ ತಿಕ್ಕುತ್ತಲೇ ಹೇಳಿದೆ: "ಬಂದ್ರ ಕುಂದ್ರಿಸಿ ಚಾ ಕೊಡವಾ. ಸಕ್ರಿ ಮಾತ್ರ ಕೇಳಿ ಹಾಕು, ಆಫೀಸರಿಗೆ ಶುಗರ್ ಇರ್ತೈತಿ."

ತಪ್ಪು ನನ್ನದಲ್ಲ. ಹಳ್ಳಿಯಿಂದ ಮಾತಾಡುವವರ ಬಾಯಲ್ಲಿ ಪಿಡಿ ಎಂದು ಶುರುವಾದರೆ ಅದು ಪಂಚಾಯಿತಿಯ ಪಿಡಿಓ ಎಂದೇ ಇಲ್ಲಿಯವರೆಗಿನ ನನ್ನ ತಿಳಿವಳಿಕೆ. ಕೊನೆಯ ಅಕ್ಷರ ಬದಲಾದರೆ ಬಡ್ತಿ ಸಿಕ್ಕಿರಬೇಕು ಅಂದುಕೊಂಡೆ. ರೇಣುಕಾ ನಗಲಿಲ್ಲ. ಅವಳು ನಗದಿದ್ದದ್ದಕ್ಕೆ ನನ್ನ ಕೈ ನಿಂತಿತು.

ರೇಣುಕಾಳ ಬಗ್ಗೆ ಎರಡು ಮಾತು ಹೇಳಬೇಕು. ಕಂಪ್ಲಿಯ ಕಾಲುವೆ ನೀರು ಕುಡಿದು, ಭತ್ತ ಕಬ್ಬಿನ ನಡುವೆ ಬೆಳೆದ ಹುಡುಗಿ. ನಾಲ್ಕು ವರ್ಷದ ಹಿಂದೆ ಸಂಡೂರು ತಾಲ್ಲೂಕಿನ ಚೋರನೂರಿಗೆ ಕೊಟ್ಟೆವು. ಅಲ್ಲಿ ಮಳೆಯ ಮುಖ ನೋಡಿ ಜೋಳ ಬಿತ್ತುವ ಬೇಸಾಯ. ನನ್ನ ತವರಿನ ಹೆಂಗಸರು ನೀರಿನ ಊರು ಬಿಟ್ಟು ಬಂದರೆ ಸಾಯುವತನಕ ನೀರಿನ ಸುದ್ದಿಯನ್ನೇ ಹೇಳುತ್ತಾರೆ, ನಾನೂ ಅದಕ್ಕೆ ಹೊರತಲ್ಲ. ಈ ಹುಡುಗಿ ಒಂದು ದಿನವೂ ಹೇಳಲಿಲ್ಲ. ಗಂಡನ ಮನೆಯ ಜಗಲಿಯ ಮೇಲೆ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಹಾಡು ಹೇಳಿಕೊಡುವುದೊಂದೇ ಅವಳ ಸುಖ. ಆಕೆಯ ಮನೆಯ ಹಿಂದಿನ ಸಂದಿಯಲ್ಲೇ ಒಂದು ಅಂಗನವಾಡಿ ಇದೆ. ಅಲ್ಲಿ ಟೀಚರ್ ಕೆಲಸ ಖಾಲಿಯಾದಾಗ ಒಮ್ಮೆ ಅರ್ಜಿ ಹಾಕಿ, ವಾಸದ ಸರ್ಟಿಫಿಕೇಟು ಒಂದು ಕಡಿಮೆಯಾಗಿ, ಕೈ ತಪ್ಪಿತ್ತು. ಆಗ ಆ ಕೆಲಸಕ್ಕೆ ಬಂದ ಟೀಚರು ಗಂಡನ ಊರಿಗೆ ವರ್ಗವಾಗಿ ಹೋಗಿ ಅದು ಮತ್ತೆ ಖಾಲಿಯಾಯಿತು. ಇದು ಎರಡನೆಯ ಸಲ. ಮೂರನೆಯ ಸಲ ಎನ್ನುವುದಿಲ್ಲ, ವಯಸ್ಸಿನ ಮಿತಿ ಮುಂದಿನ ವರ್ಷಕ್ಕೆ ಮುಗಿಯುತ್ತದೆ. ಮದುವೆಯಾದ ಮೇಲೆ ಅವಳು ತನಗೆಂದು ಬಾಯಿ ಬಿಟ್ಟು ಕೇಳಿದ್ದು ಇದೊಂದೇ.

ಅವಳು ವಿವರ ಹೇಳಿದಳು. ಪಿಡಿಎಫ್ ಎಂದರೆ ಮನುಷ್ಯನಲ್ಲ, ಆಯ್ಕೆಯಾದವರ ಪಟ್ಟಿ. ಓಣಿಯ ಮತ್ತೊಬ್ಬಳ ಫೋನಿನಲ್ಲಿ ಬೆಳಿಗ್ಗೆ ಕಂಡಿತಂತೆ. ಪಟ್ಟಿಯಲ್ಲಿ ಹೆಸರಿದ್ದವರು ಅಸಲು ಕಾಗದ ಹಿಡಿದುಕೊಂಡು ಸಂಡೂರಿನ ಕಚೇರಿಗೆ ಬರಬೇಕು, ಅದೂ ಇವತ್ತು ಮಧ್ಯಾಹ್ನ ಎರಡು ಗಂಟೆಯೊಳಗೆ. ಬಾರದಿದ್ದರೆ ಮುಂದಿನ ಹೆಸರಿನವರಿಗೆ. ರೇಣುಕಾ ಅದನ್ನು ತನ್ನ ಫೋನಿಗೂ ಹಾಕಿಸಿಕೊಂಡಳು, ಮೂವತ್ತೆಂಟು ಪುಟದ ಪಟ್ಟಿ ಆ ಒಡೆದ ಗಾಜಿನಲ್ಲಿ ಇರುವೆಯ ಸಾಲಿನಂತೆ ಕಂಡಿತಂತೆ. ಮೊದಲ ಬಸ್ಸು ಹಿಡಿದು ಸಂಡೂರಿಗೆ ಬಂದು ಕಂಪ್ಯೂಟರ್ ಅಂಗಡಿಯವನ ಮುಂದೆ ಇಟ್ಟಳು. ಅವನು ಹುಡುಕುವ ಜಾಗದಲ್ಲಿ ರೇಣುಕಾ ಎಂದು ಬರೆದು ಒಂದು ಗುಂಡಿ ಒತ್ತಿದ. ಇಲ್ಲ ಎಂದು ಬಂತು. ಮತ್ತೆ ಒತ್ತಿದ, ಮತ್ತೆ ಇಲ್ಲ. ಅವಳ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು.

"ಹೋಗ್ಲಿ ಬಿಡ್ರಿ ಅತ್ತಿ" ಎಂದಳು ರೇಣುಕಾ. "ಹನ್ನೊಂದಕ್ಕ ಬಸ್ ಐತಿ, ಊರಿಗೆ ಹೋಗ್ತೀನಿ."

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ. ಅದೇ ನನಗೆ ನುಂಗಲಾರದ ತುತ್ತಾಯಿತು.

ನನ್ನದು ಅನುಮಾನದ ಸ್ವಭಾವ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಹೊಸಪೇಟೆಯ ನಮ್ಮ ಓಣಿಯ ಹಾಲಿನವನನ್ನು ಕೇಳಿದರೂ ಹೇಳುತ್ತಾನೆ. ಇದು ನನಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ಕಬ್ಬು ಬೆಳೆಯುತ್ತಿದ್ದ; ಗಾಡಿ ತೂಕಕ್ಕೆ ಹೋದಾಗಲೆಲ್ಲ ತೂಕದ ಯಂತ್ರವನ್ನು ಶತ್ರುವಿನಂತೆ ದಿಟ್ಟಿಸಿ ನೋಡುತ್ತಿದ್ದ. ಜೀವನವೆಲ್ಲ ತೂಕದ ಮನೆಯನ್ನು ಅನುಮಾನಿಸಿದ ಆತ ಕೊನೆಗೆ ಮಗಳನ್ನು ಒಂದು ಸಕ್ಕರೆ ಕಾರ್ಖಾನೆಯ ತೂಕದ ಗುಮಾಸ್ತರಿಗೇ ಕೊಟ್ಟ. ಕಳ್ಳನೋ ಸತ್ಯವಂತನೋ ಮನೆಯೊಳಗೇ ಇದ್ದರೆ ಗೊತ್ತಾಗುತ್ತದೆ ಎಂಬ ಲೆಕ್ಕಾಚಾರವಿರಬೇಕು. ಮೂವತ್ತೆರಡು ವರ್ಷ ನೋಡಿದ್ದೇನೆ, ಸತ್ಯವಂತರೇ. ಆದರೆ ಯಂತ್ರ ಹೇಳಿದ್ದೇ ವೇದ ಎನ್ನುವ ರೋಗ ಅವರಿಗೆ ಆ ನೌಕರಿಯಿಂದ ಅಂಟಿತು, ನಿವೃತ್ತಿಯಾದರೂ ಬಿಟ್ಟಿಲ್ಲ. ಜ್ವರ ಬಂದವರ ಮೈ ಮುಟ್ಟಿ ನೋಡುವುದಿಲ್ಲ, ಜ್ವರದ ಕಡ್ಡಿ ಹುಡುಕುತ್ತಾರೆ. ನಾನು ಸಿಲಿಂಡರನ್ನು ಎತ್ತಿ ನೋಡುವವಳು, ಹಾಲನ್ನು ಬೆರಳಿಗೆ ಹಚ್ಚಿ ನೋಡುವವಳು, ವಿಭೂತಿ ಗಟ್ಟಿಯನ್ನು ಮೂಸಿ ಸುಣ್ಣ ಬೆರೆತಿದೆಯೇ ಎಂದು ನೋಡುವವಳು. ದೇವರೊಬ್ಬನನ್ನು ಮಾತ್ರ ಪರೀಕ್ಷೆ ಮಾಡಿಲ್ಲ. ಅವನು ನನ್ನನ್ನು ಮಾಡುತ್ತಿರುವುದರಿಂದ ಇಬ್ಬರೂ ಮಾಡುವುದು ಚೆನ್ನಾಗಿರುವುದಿಲ್ಲ.

ಕೈ ತೊಳೆದುಕೊಂಡು ಒಳಗೆ ಬಂದು, ಪೇಪರ್ ಓದುತ್ತಿದ್ದ ನಮ್ಮ ಮನೆಯವರಿಗೆ ಪಿಡಿಎಫ್ ಎಂದರೆ ಏನೆಂದು ಕೇಳಿದೆ. ಕಾಗದವನ್ನು ಫೋನಿನೊಳಗೆ ಇಟ್ಟಿರುವುದು ಎಂದರು. ಹಾಗಾದರೆ ಫೋಟೋ ಏಕಲ್ಲ ಎಂದೆ. ಫೋಟೋ ಬೇರೆ, ಇದು ಬೇರೆ ಎಂದರು. ಹೇಗೆ ಬೇರೆ ಎಂದೆ. ಪೇಪರಿನ ಪುಟ ಮಗುಚಿದರು. ಗಂಡಸರಿಗೆ ಗೊತ್ತಿಲ್ಲದ ವಿಷಯ ಬಂದಾಗ ಪೇಪರಿನಲ್ಲಿ ಯಾವಾಗಲೂ ಒಂದು ಮುಖ್ಯ ಸುದ್ದಿ ಇರುತ್ತದೆ. ರೇಣುಕಾಳ ಸಂಗತಿ ಹೇಳಿದೆ. ಪಾಪ, ಬೇಸರಪಟ್ಟುಕೊಂಡರು. ಆದರೂ ಕೊನೆಗೆ, "ಮಷೀನು ಇಲ್ಲ ಅಂದಮ್ಯಾಗ ಇಲ್ಲ. ಅದಕ್ಕೇನು ರೇಣುಕಾನ ಮ್ಯಾಲೆ ಸಿಟ್ಟು ಐತೇನು?" ಎಂದರು.

ಮೂವತ್ತೆಂಟು ಪುಟವನ್ನು ಒಂದು ಗುಂಡಿ ಒತ್ತಿದ ಮಾತ್ರಕ್ಕೆ ಓದಿ ಮುಗಿಸಿತೇ? ನನ್ನ ಅನುಮಾನ ಶುರುವಾದದ್ದು ಅಲ್ಲಿ. ಅಷ್ಟು ಬೇಗ ಇಲ್ಲ ಎನ್ನುವವರು ಹುಡುಕಿರುವುದಿಲ್ಲ. ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದಾಗ ಡಬ್ಬಿಯ ಕಡೆ ತಲೆ ಎತ್ತಿಯೂ ನೋಡದೆ ಇಲ್ಲ ಎನ್ನುವ ಶೆಟ್ಟರನ್ನು ನಾನು ಬಲ್ಲೆ. ರೇಣುಕಾಗೆ ಮತ್ತೆ ಫೋನು ಮಾಡಿ, ಆ ಪಟ್ಟಿಯನ್ನು ನನ್ನ ಫೋನಿಗೆ ಕಳಿಸು, ನಾನು ಹೇಳುವವರೆಗೂ ಬಸ್ಸು ಹತ್ತಬೇಡ ಎಂದೆ.

ಬಂತು. ಮೇಲೆ ಕೆಂಪು ಬಣ್ಣದ ಸಣ್ಣ ಚೌಕ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಫೈನಲ್ ಒನ್ ನ್ಯೂ ಎಂದು ಹೆಸರು. ಈ ಚೌಕವನ್ನು, ಈ ಹೆಸರನ್ನು ನಾನು ನೋಡಿದ್ದೆ. ಶುಕ್ರವಾರ, ಭಜನಾ ಮಂಡಳಿಯಲ್ಲಿ ಲಲಿತಾ ಸಹಸ್ರನಾಮ ಹೇಳುವ ಹೊತ್ತಿಗೆ, ಗುರುತಿಲ್ಲದ ನಂಬರಿನಿಂದ ನನ್ನ ಫೋನಿಗೇ ಬಂದಿತ್ತು. ಆಚೆ ಮನೆಯಾಕೆ ಹೋದ ತಿಂಗಳು ಯಾರದೋ ಮದುವೆ ಕರೆಯೋಲೆ ಎಂದು ಬಂದದ್ದನ್ನು ಒತ್ತಿ, ಫೋನೇ ಆಕೆಯ ಮಾತು ಕೇಳದಂತಾಗಿ, ಒಂದು ವಾರ ಒದ್ದಾಡಿದ್ದಳು. ಅಂದಿನಿಂದ ನಾನು ಗುರುತಿಲ್ಲದವರು ಕಳಿಸಿದ್ದನ್ನು ತೆರೆಯುವುದಿಲ್ಲ. ಅಳಿಸಿ, ಕಳಿಸಿದ ನಂಬರನ್ನೂ ಬ್ಲಾಕ್ ಮಾಡುತ್ತೇನೆ. ಅದನ್ನೂ ಹಾಗೇ ಮಾಡಿದೆ. ಮಾಡಿದ್ದಲ್ಲದೆ ಭಜನೆ ಮುಗಿದ ಮೇಲೆ ಹೆಂಗಸರಿಗೆಲ್ಲ ಅದನ್ನೇ ಒಂದು ಉಪದೇಶ ಮಾಡಿ ಮಂಗಳಾರತಿ ತಟ್ಟೆ ಎತ್ತಿದ್ದೆ.

ರೇಣುಕಾಗೆ ಫೋನು ಮಾಡಿ ಅರ್ಜಿಯಲ್ಲಿ ಯಾರ ನಂಬರ್ ಕೊಟ್ಟಿದ್ದೆ ಎಂದು ಕೇಳಿದೆ.

"ನಿಮ್ದ ಕೊಟ್ಟಿದ್ದೆನ್ರಿ ಅತ್ತಿ. ನಮ್ಮೂರಾಗ ಸಿಗ್ನಲ್ ಸರಿ ಇರಂಗಿಲ್ಲ. ನೀವು ಫೋನ್ ಭಾಳ ಜ್ವಾಕಿ ಇಟ್ಟಿರ್ತೀರಲ್ರಿ, ಅದಕ್ಕ."

ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಯ ಕೊಟ್ರೇಶಪ್ಪನವರ ಅಂಗಡಿಯ ಕಡೆ ಹೊರಟೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕನ್ನಡಕ, ಸೆರಗಿನ ತುಂಬ ಬೂದಿ. ಎದುರಿಗೆ ಬಂದವರು ದಾರಿ ಬಿಟ್ಟುಕೊಟ್ಟರು.

ಕೊಟ್ರೇಶಪ್ಪನವರದು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕೈಲಾಸ ಸಮಾರಾಧನೆಯ ಕಾರ್ಡು ಟೈಪ್ ಮಾಡಿ ಕೊಡುವ ಅಂಗಡಿ. ನಮ್ಮ ಭಜನಾ ಪುಸ್ತಕವನ್ನೂ ಅವರೇ ಅಚ್ಚು ಹಾಕಿಸಿದ್ದು. ಹತ್ತು ಮಾತಿಗೆ ಒಂದು ಉತ್ತರ ಕೊಡುವ ಮನುಷ್ಯ, ಆ ಒಂದನ್ನೂ ಎಲೆ ಅಡಿಕೆ ಪಕ್ಕಕ್ಕೆ ಸರಿಸಿ ಹೇಳುತ್ತಾರೆ. ಅವತ್ತು ಯಾರದೋ ಕಾರ್ಡಿನಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿ ಅದರ ರಿಪೇರಿಯಲ್ಲಿದ್ದರು. ನನ್ನ ಅವತಾರ ನೋಡಿ ಸೋದರಮಾವನನ್ನು ಅಲ್ಲೇ ನಿಲ್ಲಿಸಿ ಪಟ್ಟಿಯನ್ನು ತಮ್ಮ ದೊಡ್ಡ ಪರದೆಯ ಮೇಲೆ ತೆರೆದರು.

ತೆರೆಯುವಷ್ಟರಲ್ಲಿ ನಾನು ಕೇಳಿದ್ದಕ್ಕೆ, ಪಿಡಿಎಫ್ ಎಂದರೇನೆಂದು ನನಗೆ ಅರ್ಥವಾಗುವಂತೆ ಹೇಳಿದವರು ಅವರೊಬ್ಬರೇ. ತಾವು ಟೈಪ್ ಮಾಡುವುದು ಹಸಿ ಹಿಟ್ಟು ಇದ್ದಂತೆ, ಯಾರು ಬೇಕಾದರೂ ನೀರು ಹಾಕಿ ಮತ್ತೆ ನಾದಬಹುದು. ಬೇರೆಯವರ ಕಂಪ್ಯೂಟರಿಗೆ ಹೋದರೆ ಆಕಾರವೂ ಕೆಡುತ್ತದೆ. ಪಿಡಿಎಫ್ ಹಾಗಲ್ಲ, ಎಲ್ಲಿ ತೆರೆದರೂ ಗೆರೆ ಗೆರೆ ಹಾಗೇ ಕಾಣುತ್ತದೆ, ತಿದ್ದಲು ಹೋದರೆ ಸುಲಭಕ್ಕೆ ಬರುವುದಿಲ್ಲ ಎಂದರು. ಅಷ್ಟು ಹೇಳಿದರೆ ಸಾಲದೇ? ಅದು ಖಡಕ್ ರೊಟ್ಟಿ. ಬೇಯಿಸಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಕೊಟ್ಟರೆ ಮರಿಯಮ್ಮನಹಳ್ಳಿಗೆ ಹೋದರೂ ಅದೇ ದುಂಡಗೆ, ಮುಂಬಯಿಗೆ ಹೋದರೂ ಅದೇ ದುಂಡಗೆ. ತಿರುಗಿ ಹಿಟ್ಟು ಮಾಡುತ್ತೇನೆ ಎಂದರೆ ಪುಡಿಯಾದೀತೇ ಹೊರತು ಹಿಟ್ಟಾಗದು. ಇಷ್ಟು ವರ್ಷ ಡಬ್ಬಿಗಟ್ಟಲೆ ಪಿಡಿಎಫ್ ತಟ್ಟಿದವಳಿಗೆ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಕೊಟ್ರೇಶಪ್ಪನವರು ಹುಡುಕುವ ಜಾಗದಲ್ಲಿ ರೇಣುಕಾ ಎಂದು ಹೊಡೆದರು. ಇಲ್ಲ ಎಂದು ಬಂತು. ರೇಣುಕಮ್ಮ ಎಂದು ಹೊಡೆದರು. ಇಲ್ಲ. ಎಲೆ ಅಡಿಕೆ ಪಕ್ಕಕ್ಕೆ ಸರಿಸಿ, "ಅಮ್ಮಾರ, ನಿಮ್ಮ ಹುಡುಗಿ ಇದರಾಗ ಇಲ್ರಿ" ಎಂದರು.

ನನ್ನ ಕಣ್ಣು ಪಟ್ಟಿಯ ತಲೆಬರಹದ ಮೇಲಿತ್ತು. ದಪ್ಪ ಅಕ್ಷರದಲ್ಲಿ ಕಂಪ್ಲಿ, ಕುರುಗೋಡು, ಸಿರುಗುಪ್ಪ, ಸಂಡೂರು ಎಂದು ತಾಲ್ಲೂಕುಗಳ ಹೆಸರು. ಅಡುಗೆಯವಳ ಬುದ್ಧಿ ಎಲ್ಲಿ ಹೋಗುತ್ತದೆ? ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಸೊಸೆ ಆಣೆ ಮಾಡಿದರೂ ಅತ್ತೆ ಒಂದು ಹನಿ ಅಂಗೈಗೆ ಹಾಕಿಕೊಂಡೇ ನೋಡುತ್ತಾಳೆ.

"ಸಂಡೂರು ಅಂತ ಹೊಡೀರಿ" ಎಂದೆ.

"ಯಾಕ್ರಿ?"

"ಹೊಡೀರಲ್ಲ, ನೋಡೂಣು."

ಹೊಡೆದರು. ಇಲ್ಲ ಎಂದು ಬಂತು.

ಕಣ್ಣೆದುರಿಗೆ ಬೆರಳು ದಪ್ಪ ಸಂಡೂರು ಕೂತಿದೆ, ಅದರ ಪಕ್ಕದಲ್ಲೇ ಯಂತ್ರ ಸಂಡೂರಿಲ್ಲ ಎನ್ನುತ್ತಿದೆ. ಗುಡ್ಡ, ಗಣಿ, ಲಾರಿ, ಕುಮಾರಸ್ವಾಮಿ ದೇವರು ಎಲ್ಲ ಸೇರಿ ಅಷ್ಟು ದೊಡ್ಡ ಊರು ಅದಕ್ಕೆ ಕಾಣಲಿಲ್ಲ ಎಂದಮೇಲೆ ನಮ್ಮ ಐವತ್ತು ಕಿಲೋ ರೇಣುಕಾ ಹೇಗೆ ಕಂಡಾಳು?

"ಸಂಡೂರನ್ನ ನುಂಗೇತಲ್ರಿ ನಿಮ್ಮ ಮಷೀನು" ಎಂದೆ.

ಕೊಟ್ರೇಶಪ್ಪನವರು ಮೊದಲ ಬಾರಿಗೆ ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಪೂರ್ತಿ ಉಗಿದು ಬಂದರು. ಹಣೆ ಚಚ್ಚಿಕೊಂಡರು. ಇದು ಹಳೆಯ ಕಾಲದ ಕನ್ನಡ ಫಾಂಟು, ತಮಗಾದರೂ ಹೊಳೆಯಬೇಕಿತ್ತು ಎಂದರು. ಸಂಡೂರು ಎಂಬ ಮಾತನ್ನು ಪಟ್ಟಿಯಿಂದ ಎತ್ತಿ ಇನ್ನೊಂದು ಹಾಳೆಯ ಮೇಲೆ ಇಳಿಸಿ ತೋರಿಸಿದರು. ಶಿವನೇ, ಅಲ್ಲಿ ಬಿದ್ದದ್ದು ಎ ಅಂತೆ, ಕ್ಯೂ ಅಂತೆ, ಜಿ ಅಂತೆ, ಒಂದೊಂದಕ್ಕೂ ತಲೆಯ ಮೇಲೆ ಕೊಂಬು, ಚುಕ್ಕಿ, ಟೋಪಿ. "ಕಣ್ಣಿಗಷ್ಟ ಕನ್ನಡರಿ. ಒಳಗೆಲ್ಲ ಇಂಗ್ಲೀಷು. ನಾವು ಕನ್ನಡದಾಗ ಹುಡುಕಿದ್ರ ಅದಕ್ಕ ಹ್ಯಾಂಗ ಸಿಗಬೇಕು?" ಎಂದರು.

ಮನುಷ್ಯರಲ್ಲಿ ಇಂಥವರನ್ನು ನೋಡಿದ್ದೇನೆ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಒಳಗೆ ಬೇರೆಯೇ ಲಿಪಿ. ನಮ್ಮ ಓಣಿಯ ಮಕ್ಕಳದು ಇದರ ಉಲ್ಟಾ: ಮೇಲೆ ಇಂಗ್ಲಿಷ್ ಶಾಲೆಯ ಟೈ, ಬಿದ್ದು ಮೊಣಕಾಲು ತರಚಿದಾಗ ಹೊರಬರುವುದೆಲ್ಲ ಅಚ್ಚ ಹೊಸಪೇಟೆ ಕನ್ನಡ. ಅಕ್ಷರಗಳೂ ವೇಷ ಹಾಕುತ್ತವೆ ಎಂದು ಮಾತ್ರ ಗೊತ್ತಿರಲಿಲ್ಲ. ಆದರೆ ವೇಷದ ಬಗ್ಗೆ ಯೋಚಿಸುತ್ತ ಕೂರುವ ಹೊತ್ತಲ್ಲ ಅದು, ಗೋಡೆಯ ಗಡಿಯಾರದಲ್ಲಿ ಹತ್ತೂವರೆ.

ಕೊಟ್ರೇಶಪ್ಪನವರ ಕುರ್ಚಿಯಲ್ಲಿ ನಾನೇ ಕೂತೆ. ಸಂಡೂರು ಯಾವ ಪುಟದಿಂದ ಎಂದು ಎಲ್ಲೂ ಬರೆದಿರಲಿಲ್ಲ; ಕನ್ನಡಕ ಏರಿಸಿ, ಪರದೆಯ ಮೇಲೆ ಬೆರಳಿಟ್ಟು, ಮೊದಲ ಪುಟದಿಂದಲೇ ಒಂದೊಂದೇ ಸಾಲು. ಅವರು ಪಕ್ಕದಲ್ಲಿ ನಿಂತು ಪುಟ ಸರಿಸಿದರು. ಕಂಪ್ಲಿಯ ಪುಟಗಳಲ್ಲಿ ಸ್ವಲ್ಪ ತಡವಾಯಿತು. ನನ್ನ ಜೊತೆ ಓದಿದವಳ ಸೊಸೆಯ ಹೆಸರು ಕಂಡು, ಇವಳಿಗೆ ಹೇಗೆ ಸಿಕ್ಕಿತು ಎಂದು ಒಂದು ಗಳಿಗೆ ಅನುಮಾನಪಟ್ಟೆ. ಅಭ್ಯಾಸ. ಕುರುಗೋಡು ದಾಟಿತು, ಸಿರುಗುಪ್ಪ ದಾಟಿತು. ಸಂಡೂರು ಬಂದದ್ದು ಮೂವತ್ತೊಂದನೆಯ ಪುಟಕ್ಕೆ. ಬಾಯಲ್ಲಿ ಪಂಚಾಕ್ಷರಿ ನಡೆದೇ ಇತ್ತು. ಒಂದು ಸಾಲಿಗೆ ಒಂದು ನಮಃ ಶಿವಾಯ, ಹೀಗಾಗಿ ಎಷ್ಟು ಸಾಲು ಓದಿದೆ ಎಂದು ಶಿವನಿಗೆ ಗೊತ್ತು. ಮೂವತ್ತನಾಲ್ಕನೆಯ ಪುಟದ ನಡುಮಧ್ಯೆ ಚೋರನೂರು. ಅದರ ಮುಂದೆ, ರೇಣುಕಾ ಗಂಡ ಮಂಜುನಾಥ.

ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ತೆಗೆದರೆ ಹೆಸರು ಹಾರಿಹೋದೀತು ಎಂದು ಭಯ. ಕೊಟ್ರೇಶಪ್ಪನವರನ್ನೂ ಓದಲು ಹೇಳಿದೆ. ಓದಿದರು. ಜೋರಾಗಿ ಓದಿರಿ ಎಂದೆ. ಓದಿದರು. ಬೆರಳು ಅಲ್ಲೇ ಇಟ್ಟುಕೊಂಡು ಎಡಗೈಯಲ್ಲಿ ಫೋನು ಮಾಡಿದೆ.

ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಹನ್ನೊಂದು ದಾಟಿತ್ತು. ಬಸ್ಸು ಹತ್ತಬೇಡ ಎಂದು ಹೇಳಿದ್ದೆ, ನಿಜ. ಆದರೆ ಆಸೆ ಬಿಟ್ಟ ಮನುಷ್ಯರಿಗೆ ಎದುರಿಗೆ ನಿಂತ ಬಸ್ಸು ತವರಿನಂತೆ ಕಾಣುತ್ತದೆ. ನಾಲ್ಕನೆಯ ಸಲಕ್ಕೆ ಎತ್ತಿದಳು. ಹಿಂದೆ ಇಂಜಿನ್ನಿನ ಗುರ್ರು. ಕಾದು ಕಾದು ಹತ್ತಿ ಕೂತಿದ್ದಳು, ಬಸ್ಸು ನಿಲ್ದಾಣದ ಗೇಟು ದಾಟುತ್ತಿತ್ತು.

"ಇಳಿ ಲೇ" ಎಂದೆ. ಮದುವೆಯಾದ ಮೇಲೆ ಅವಳನ್ನು ನಾನು ಲೇ ಎಂದಿರಲಿಲ್ಲ. "ಮೂವತ್ನಾಕನೇ ಪುಟ. ನಿನ್ನ ಹೆಸರು ನನ್ನ ಬಟ್ಟಿನ ಕೆಳಗೈತಿ. ಇಳಿ."

ಕಂಡಕ್ಟರನ ಸೀಟಿ ಕೇಳಿಸಿತು. ಆಮೇಲೆ, ಆ ಹುಡುಗಿ ಬೆಳಿಗ್ಗೆಯಿಂದ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ರಸ್ತೆಯಲ್ಲಿ ನಿಂತು ಅತ್ತಳು. ಅಳುವುದು ಕಚೇರಿಗೆ ಹೋದ ಮೇಲೆ, ಮೊದಲು ನಡೆ ಎಂದೆ. ಅಸಲು ಕಾಗದಗಳು ಕೈಯಲ್ಲೇ ಇವೆಯೇ ಎಂದು ಕೇಳಿದೆ. ಹೋದ ಸಲ ಒಂದು ಸರ್ಟಿಫಿಕೇಟಿಗೆ ಕೆಟ್ಟವಳು, ಈಗ ಸಂತೆಗೆ ಹೋದರೂ ಆ ಪ್ಲಾಸ್ಟಿಕ್ ಚೀಲ ಬಿಡುವುದಿಲ್ಲವಂತೆ.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಪೇಪರ್ ಕೆಳಗಿಟ್ಟರು. ಯಂತ್ರ ಸುಳ್ಳು ಹೇಳಲಿಲ್ಲ, ನೀವು ಕೇಳಿದ ಭಾಷೆ ಅದಕ್ಕೆ ಬರಲಿಲ್ಲ ಎಂದು ವಾದಿಸಿದರು. ಮೂವತ್ತೆರಡು ವರ್ಷದಿಂದ ನಾನು ಕೇಳುವುದಕ್ಕೆಲ್ಲ ತಾವೂ ಇಲ್ಲ ಎನ್ನುವುದು ಇದೇ ಕಾರಣಕ್ಕೋ ಎಂದೆ. ಮತ್ತೆ ಪೇಪರಿನಲ್ಲಿ ಮುಖ್ಯ ಸುದ್ದಿ ಬಂತು.

ಮೂರು ಗಂಟೆಗೆ ರೇಣುಕಾ ಫೋನು ಮಾಡಿದಳು. ಒಂದೂವರೆಗೆ ಕಾಗದ ಕೊಟ್ಟಳಂತೆ. ಎಲ್ಲ ಸರಿಯಿದೆ ಎಂದು ಸಹಿ ಹಾಕಿಸಿಕೊಂಡರಂತೆ. ಕಚೇರಿಯಲ್ಲಿ ಇನ್ನೂ ಇಬ್ಬರು ಹೆಂಗಸರು ಹೆಸರಿಲ್ಲವೆಂದು ಮರಳಿ ಹೊರಟಿದ್ದರಂತೆ, ಅವರನ್ನು ಇವಳೇ ನಿಲ್ಲಿಸಿ, ಕಣ್ಣಿನಿಂದ ಹುಡುಕಿರಿ ಎಂದಳಂತೆ. ಒಬ್ಬಾಕೆಯ ಹೆಸರು ಸಿಕ್ಕಿತಂತೆ. ಅತ್ತಿಯಿಂದಲೇ ಆಯಿತು, ನಿಮ್ಮಂಥ ಜಾಣರು ನಮ್ಮ ಮನೆತನದಲ್ಲೇ ಇಲ್ಲ ಎಂದು ಹೊಗಳಿದಳು. ಶುಕ್ರವಾರದ ಸಂಗತಿ ನಾಲಿಗೆಯ ತುದಿಗೆ ಬಂದು ಕೂತಿತ್ತು. ಮೂರು ದಿನ ಇದ್ದದ್ದನ್ನು ಮೂರು ತಾಸು ಮಾಡಿದವಳು ನಾನೇ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವಳೇ ಮುಂದಿನ ಮಾತು ಹೇಳಿದಳು.

"ನೇಮಕದ ಆರ್ಡರೂ ಪಿಡಿಎಫ್‌ನಾಗ ಬರ್ತೈತಂತ್ರಿ ಅತ್ತಿ. ಪಟ್ಟಿ ಬಂದಿತ್ತಲ್ರಿ, ಅದೇ ನಂಬರಿಂದ, ನಿಮ್ಮ ಫೋನಿಗೆ."

ಸಂಜೆ ದೀಪ ಹಚ್ಚಿ ಎಂದಿನಂತೆ ಆ ದಿನದ ಕರುಣೆಗಳನ್ನು ಎಣಿಸಿದೆ. ಕರೆಂಟು ಇತ್ತು. ಬಸ್ಸು ಗೇಟಿನಲ್ಲೇ ಇತ್ತು. ಚೀಲ ಅವಳ ಕೈಯಲ್ಲಿತ್ತು. ಇನ್ನೊಬ್ಬಾಕೆಗೂ ಒಳ್ಳೆಯದಾಯಿತು. ನಾನು ಮಾಡಿದ್ದನ್ನು ದೇವರ ಮುಂದೆ ಮಾತ್ರ ಹೇಳಿದೆ. ಅವನು ಯಾರಿಗೂ ಫಾರ್ವರ್ಡ್ ಮಾಡುವುದಿಲ್ಲ. ಆಮೇಲೆ ಫೋನು ತೆಗೆದು ಬ್ಲಾಕ್ ಮಾಡಿದ ನಂಬರುಗಳ ಪಟ್ಟಿ ನೋಡಿದೆ. ನಲವತ್ತೊಂದು ಇದ್ದವು. ಹೆಸರಿಲ್ಲ, ಊರಿಲ್ಲ, ಬರೀ ಅಂಕಿ. ಅದರಲ್ಲಿ ಸಂಡೂರಿನದು ಯಾವುದೆಂದು ಕಣ್ಣಿನಿಂದ ಹುಡುಕಿದರೂ ಸಿಗುವಂತಿರಲಿಲ್ಲ. ರೇಣುಕಾಳನ್ನೇ ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು. ಒಂದೊಂದಾಗಿ ನಲವತ್ತೊಂದನ್ನೂ ಬಿಡುಗಡೆ ಮಾಡಿದೆ.

ಅಂದಿನಿಂದ ನಮ್ಮ ಮನೆಗೆ ಫೋನಿನ ಸುಗ್ಗಿ. ಸೈಟು ಮಾರುವವರು, ನೀರು ಶುದ್ಧ ಮಾಡುವ ಯಂತ್ರದವರು, ನನಗೆ ಬಹುಮಾನ ಬಂದಿದೆ ಎನ್ನುವವರು. ಯಾರಿಗೂ ಗದರುವಂತಿಲ್ಲ, ಇವರೊಳಗೇ ಯಾರೋ ಒಬ್ಬರು ರೇಣುಕಾಳ ಕೆಲಸ ಹಿಡಿದುಕೊಂಡಿದ್ದಾರೆ. ಈಗಷ್ಟೇ ಒಬ್ಬಾಕೆ ಬಳ್ಳಾರಿ ರಸ್ತೆಯಲ್ಲಿ ನಿವೇಶನ ಬೇಕೇ ಎಂದು ಕೇಳಿದಳು. ಬೇಡ ಎಂದು ಇಡುವ ಬದಲು, ನಾನೇ ದನಿ ತಗ್ಗಿಸಿ, "ನಿಮ್ಮ ಕಡೆಯಿಂದ ಯಾವುದರ ಪಿಡಿಎಫ್ ಬರೂದೈತೇನ್ರಿ ತಂಗಿ?" ಎಂದು ಕೇಳಿದೆ. ಆಕೆ ಯಾಕೋ ಅನುಮಾನ ಬಂದವಳಂತೆ, ಫೋನು ಇಟ್ಟುಬಿಟ್ಟಳು. ನನ್ನ ನಂಬರನ್ನು ಬ್ಲಾಕ್ ಮಾಡಿರಬೇಕು. ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಎದ್ದು ಕೊಡ ಇಡಲು ಹೋದೆ.